ಮೆಕ್ಕೆಜೋಳದ ರೇಟು ಯಾರು ಹೇಳಿದಂತೆ ನಡೆಯುತ್ತದೆ?

2025ರ ಆಗಸ್ಟ್ ಕೊನೆಯಲ್ಲಿ ದಾವಣಗೆರೆ, ಚಿತ್ರದುರ್ಗದ ಎಷ್ಟೋ ಮೊಬೈಲುಗಳಲ್ಲಿ ಒಂದು ಬಗೆಯ ಆ್ಯಪ್‌ಗಳು ದುಡ್ಡಿನ ಆಟ ನಿಲ್ಲಿಸಿದವು. "ನಾಳೆ ಭಾರತ ಗೆಲ್ಲುತ್ತಾ?", "ಈ ವಾರ ಚಿನ್ನದ ರೇಟು ಏರುತ್ತಾ?" ಎಂದು ಕೇಳಿ, ಹೌದು ಅಥವಾ ಇಲ್ಲ ಅಂತ ಹಣ ಕಟ್ಟಿಸಿಕೊಳ್ಳುತ್ತಿದ್ದ ಆ್ಯಪ್‌ಗಳು ಅವು. ಈ ವ್ಯವಹಾರಕ್ಕೆ ಒಪಿನಿಯನ್ ಟ್ರೇಡಿಂಗ್ ಎಂದು ಹೆಸರು. ಸಂಸತ್ತು ಹೊಸ ಕಾಯ್ದೆ ತಂದು ಇದನ್ನು ನಿಷೇಧಿಸಿತು. ಮೂರು ತಿಂಗಳು ಕಳೆದು ಡಿಸೆಂಬರ್ ಬಂದಾಗ ಅಮೆರಿಕದ ಸಿಎನ್‌ಎನ್ ಚಾನೆಲ್ ಇಂಥದ್ದೇ ಕೆಲಸ ಮಾಡುವ ಕಾಲ್ಶಿ ಎಂಬ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಜನ ಕಟ್ಟಿದ ಬಾಜಿಯ ಅಂಕಿಗಳು ಅಲ್ಲಿ ಸುದ್ದಿಯ ಜೊತೆಗೇ ಬರುತ್ತವೆ.

ಈ ಎರಡು ಸುದ್ದಿಗಳ ನಡುವೆ, ನವೆಂಬರಿನಲ್ಲಿ, ನಮ್ಮ ಕಡೆ ಮೆಕ್ಕೆಜೋಳದ ರೇಟು ಬಿತ್ತು. ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇತ್ತು. ರಾಜ್ಯದ ಮಾರುಕಟ್ಟೆಗಳಲ್ಲಿ ರೈತರಿಗೆ ಸಿಕ್ಕಿದ್ದು 1,600ರಿಂದ 1,800ರ ಆಸುಪಾಸು. ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ರೈತರು ರಸ್ತೆಗಿಳಿದರು. "ಈ ಸಲ ಜೋಳಕ್ಕೆ ಒಳ್ಳೆ ರೇಟು" ಎಂದು ಬಿತ್ತನೆ ಹೊತ್ತಿನಲ್ಲಿ ಹೇಳಿದವರು ಯಾರು, ಅವರನ್ನು ನಂಬಿದವರೆಷ್ಟು ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಲಿಲ್ಲ.

ಇವು ಬೇರೆ ಬೇರೆ ಸುದ್ದಿಗಳಂತೆ ಕಾಣುತ್ತವೆ. ಕೇಳುವ ಪ್ರಶ್ನೆ ಮಾತ್ರ ಒಂದೇ. ನಾಳೆ ಏನಾಗುತ್ತದೆ ಎಂದು ಹೇಳುವವರಲ್ಲಿ ಯಾರ ಮಾತಿಗೆ ಬೆಲೆ ಕೊಡಬೇಕು? ಹಣ ಕಟ್ಟಿದವರ ಮಾತಿಗೋ, ಓದಿದವರ ಮಾತಿಗೋ, ತುಂಬಾ ಜನ ಕೇಳುವವರ ಮಾತಿಗೋ?

ಮುಚ್ಚಿದ್ದು ಏನು, ಉಳಿದಿದ್ದು ಏನು

ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದು 2025ರ ಆಗಸ್ಟ್ 22ರಂದು. ಹಣ ಕಟ್ಟಿ ಆಡುವ ಆಟವನ್ನು ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಬೇರೆ ಬೇರೆ ಹೈಕೋರ್ಟುಗಳಿಗೆ ಹೋಗಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಮುಂದಕ್ಕೆ ತರಿಸಿಕೊಂಡಿದೆ. ಅದರಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂದಿದ್ದ ಅರ್ಜಿಯೂ ಇತ್ತು.

ಕಾಯ್ದೆಗೂ ಮುಂಚೆ ಏಪ್ರಿಲಿನಲ್ಲೇ, ಶೇರು ಮಾರುಕಟ್ಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ ಒಂದು ಎಚ್ಚರಿಕೆ ಕೊಟ್ಟಿತ್ತು. ಒಪಿನಿಯನ್ ಟ್ರೇಡಿಂಗ್ ತನ್ನ ವ್ಯಾಪ್ತಿಗೆ ಬರುವುದಿಲ್ಲ, ಅಲ್ಲಿ ಹಣ ಹಾಕಿದವರಿಗೆ ಶೇರು ಮಾರುಕಟ್ಟೆಯ ರಕ್ಷಣೆ ಯಾವುದೂ ಸಿಗುವುದಿಲ್ಲ ಎಂದು. ಆ ಆ್ಯಪ್‌ಗಳು ಟ್ರೇಡಿಂಗ್, ಪೋರ್ಟ್‌ಫೋಲಿಯೊ, ಸ್ಟಾಪ್ ಲಾಸ್ ಎಂದೆಲ್ಲ ಶೇರುಪೇಟೆಯ ಮಾತನ್ನೇ ಆಡುತ್ತಿದ್ದುದರಿಂದ ಜನ ಮೋಸ ಹೋಗುವ ಸಾಧ್ಯತೆ ಜಾಸ್ತಿ ಇತ್ತು.

ಶೇರು ಮಾರುಕಟ್ಟೆಗೂ, ಸರಕುಗಳ ಮುಂಗಡ ವ್ಯಾಪಾರಕ್ಕೂ ಈ ಕಾಯ್ದೆ ತಾಗುವುದಿಲ್ಲ. ಜನವರಿಯಲ್ಲಿ ಕೊಡುವ ಮಾಲಿಗೆ ಇಂದೇ ರೇಟು ಕಟ್ಟುವುದನ್ನು ಫ್ಯೂಚರ್ಸ್ ಎನ್ನುತ್ತಾರೆ. ಅದು ಸೆಬಿ ಕೈಕೆಳಗೆ ನಡೆಯುತ್ತದೆ. ಆದರೆ ಅಲ್ಲೂ ಬಾಗಿಲು ಪೂರ್ತಿ ತೆರೆದಿಲ್ಲ. 2021ರ ಡಿಸೆಂಬರಿನಲ್ಲಿ ಕಡಲೆ, ಗೋಧಿ, ಹೆಸರು, ಸೋಯಾಬೀನ್ ಸೇರಿ ಏಳು ಸರಕುಗಳ ಫ್ಯೂಚರ್ಸ್ ನಿಲ್ಲಿಸಿ, ಆ ತಡೆಯನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ಆ ಪಟ್ಟಿಯಲ್ಲಿ ಮೆಕ್ಕೆಜೋಳ ಇರಲಿಲ್ಲ. ಆದರೂ ನಮ್ಮ ಸಣ್ಣ ರೈತರು ಅದನ್ನು ಬಳಸುವುದು ತೀರಾ ಕಡಿಮೆ.

ಹತ್ತು ರೂಪಾಯಿಯ ಲೆಕ್ಕ

ಬಾಜಿಯ ಅಂಕಿ ಸುದ್ದಿಯಾಗುವುದು ಹೇಗೆ ಎಂದು ಮೊದಲು ನೋಡೋಣ. ನಮ್ಮಲ್ಲಿ ಹೆಸರು ಮಾಡಿದ್ದ ಪ್ರೋಬೋ ಆ್ಯಪ್‌ನಲ್ಲಿ ಒಂದು ಪ್ರಶ್ನೆಯ "ಹೌದು" ಮತ್ತು "ಇಲ್ಲ" ಎರಡರ ಬೆಲೆ ಸೇರಿ 10 ರೂಪಾಯಿ ಆಗುತ್ತಿತ್ತು. "ಹೌದು" 6 ರೂಪಾಯಿಗೆ ಸಿಗುತ್ತಿದ್ದರೆ "ಇಲ್ಲ" 4 ರೂಪಾಯಿಗೆ. ಮಾತು ನಿಜವಾದರೆ "ಹೌದು" ಕೊಂಡವನಿಗೆ 10 ರೂಪಾಯಿ, ಇಲ್ಲದಿದ್ದರೆ ಸೊನ್ನೆ. ಅಂದರೆ 6 ರೂಪಾಯಿ ಕೊಡಲು ಜನ ತಯಾರಿದ್ದಾರೆ ಎಂದರೆ, ಆ ಘಟನೆ ನಡೆಯುವ ಸಾಧ್ಯತೆ ಶೇ 60 ಎಂದು ಅವರೆಲ್ಲ ಸೇರಿ ಹೇಳಿದಂತೆ. ಅಮೆರಿಕದಲ್ಲಿ ಇದೇ ಲೆಕ್ಕ ಒಂದು ಡಾಲರಿನಲ್ಲಿ ನಡೆಯುತ್ತದೆ.

ಇಲ್ಲಿ ಜನ ತಪ್ಪು ಓದುವ ಜಾಗ ಒಂದಿದೆ. ಶೇ 60 ಎಂದರೆ "ಆಗುತ್ತದೆ" ಎಂದಲ್ಲ. ಇಂಥ ಹತ್ತು ಸಂದರ್ಭಗಳಲ್ಲಿ ನಾಲ್ಕು ಸಲ ಆಗದೆಯೂ ಹೋಗಬಹುದು. ಹಾಗಾಗಿ ಒಂದು ಸಲ ಸುಳ್ಳಾಯಿತು ಎಂದು ಆ ಅಂಕಿಯನ್ನು ತಳ್ಳಿಹಾಕಲು ಆಗದು, ಒಂದು ಸಲ ನಿಜವಾಯಿತು ಎಂದು ತಲೆ ಮೇಲೆ ಹೊರಲೂ ಆಗದು. ಶೇ 60 ಎಂದು ಹೇಳಿದ ನೂರು ಸಂಗತಿಗಳನ್ನು ಕೂಡಿಟ್ಟು, ಅದರಲ್ಲಿ ಅರವತ್ತರ ಹತ್ತಿರ ನಿಜವಾದವೇ ಎಂದು ನೋಡಬೇಕು. ಆ ತಾಳ್ಮೆ ಯಾರಿಗೂ ಇರುವುದಿಲ್ಲ, ಅಲ್ವಾ? ಹೆಚ್ಚಿನ ಗೊಂದಲ ಹುಟ್ಟುವುದು ಅಲ್ಲಿಂದಲೇ.

ಎತ್ತಿನ ತೂಕ, ಟವೆಲ್ ಕೆಳಗಿನ ಬೆರಳು

ಹಣ ಕಟ್ಟಿದ ಗುಂಪು ಯಾಕೆ ಸರಿಯಾಗಿ ಹೇಳಬಹುದು? ಇದಕ್ಕೆ ಹಳೆಯ ಉದಾಹರಣೆಯೊಂದಿದೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ಜಾನುವಾರು ಮೇಳದಲ್ಲಿ ಒಂದು ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆ ನಡೆಯಿತು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ ಚೀಟಿಗಳಲ್ಲಿ 787ನ್ನು ಲೆಕ್ಕ ಹಾಕಿದ. ಊಹೆಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ತೆಗೆದರೆ 1,207 ಪೌಂಡ್ ಬಂತು. ನಿಜವಾದ ತೂಕ 1,198 ಪೌಂಡ್. ಶೇ 1ಕ್ಕಿಂತ ಕಡಿಮೆ ವ್ಯತ್ಯಾಸ.

ಇದು ಪವಾಡವಲ್ಲ. ಕಟುಕನಿಗೆ ಒಂದು ಗೊತ್ತು, ರೈತನಿಗೆ ಇನ್ನೊಂದು ಗೊತ್ತು. ಒಬ್ಬ ಜಾಸ್ತಿ ಹೇಳುತ್ತಾನೆ, ಒಬ್ಬ ಕಡಿಮೆ ಹೇಳುತ್ತಾನೆ. ತಪ್ಪುಗಳು ಒಂದನ್ನೊಂದು ತಿಂದು ಹಾಕುತ್ತವೆ. ಆದರೆ ಇದಕ್ಕೆ ಒಂದು ಷರತ್ತಿದೆ. ಒಬ್ಬ ಬರೆದಿದ್ದನ್ನು ಇನ್ನೊಬ್ಬ ನೋಡಿರಬಾರದು. ನೋಡಿದರೆ ಎಲ್ಲರೂ ಒಂದೇ ಕಡೆ ವಾಲುತ್ತಾರೆ. ಆಗ ತಪ್ಪುಗಳು ಅಳಿಯುವ ಬದಲು ಕೂಡುತ್ತಾ ಹೋಗುತ್ತವೆ.

ನಮ್ಮ ದನದ ಜಾತ್ರೆಗಳಲ್ಲಿ ಈ ತಿಳಿವಳಿಕೆ ಮೊದಲಿನಿಂದಲೂ ಇದೆ. ಟವೆಲ್ ಕೆಳಗೆ ಕೈ ಹಾಕಿ, ಬೆರಳು ಹಿಡಿದು ರೇಟು ಹೇಳುವುದನ್ನು ನೋಡಿದವರಿಗೆ ಗೊತ್ತು. ಪಕ್ಕದಲ್ಲಿ ನಿಂತವನಿಗೆ ಎಷ್ಟಕ್ಕೆ ಕೇಳಿದರು ಎಂದು ತಿಳಿಯಬಾರದು, ಅವನು ತನ್ನ ಕಣ್ಣಿಂದಲೇ ಎತ್ತನ್ನು ನೋಡಿ ಬೆಲೆ ಕಟ್ಟಬೇಕು. ಎಪಿಎಂಸಿಯ ಇ-ಟೆಂಡರ್ ಕೂಡ ಹಾಗೇ. ಒಂದು ಲಾಟಿಗೆ ಯಾವ ಖರೀದಿದಾರ ಎಷ್ಟು ಹಾಕಿದ್ದಾನೆ ಎಂಬುದು ಟೆಂಡರ್ ತೆರೆಯುವವರೆಗೆ ಇನ್ನೊಬ್ಬನಿಗೆ ಕಾಣಿಸುವುದಿಲ್ಲ.

ವಾಟ್ಸ್ಆ್ಯಪ್ ಗುಂಪಿನಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಒಬ್ಬ "ಜೋಳ 2,600 ಆಗುತ್ತೆ" ಎಂದು ಬರೆದರೆ, ಅದೇ ಮಾತು ಐವತ್ತು ಗುಂಪಿಗೆ ಹೋಗುತ್ತದೆ. ಸಂಜೆಗೆ ಐವತ್ತು ಜನ ಹೇಳಿದಂತೆ ಕೇಳಿಸುತ್ತದೆ. ಹೇಳಿದ್ದು ಮಾತ್ರ ಒಬ್ಬನೇ.

ಕೇಳುವವರು ಜಾಸ್ತಿ ಇದ್ದರೆ?

ತುಂಬಾ ಜನ ಕೇಳುತ್ತಾರೆ ಎಂದರೆ ಆ ಮಾತಿನಲ್ಲಿ ಏನೋ ಇರಬೇಕು ಎಂದುಕೊಳ್ಳುವುದು ಸಹಜ. ಇದನ್ನು ಒಬ್ಬರು ಅಳೆದು ನೋಡಿದ್ದಾರೆ. ಫಿಲಿಪ್ ಟೆಟ್ಲಾಕ್ ಎಂಬ ಮನಶ್ಶಾಸ್ತ್ರಜ್ಞ ಸುಮಾರು 20 ವರ್ಷ 284 ತಜ್ಞರ ಮುನ್ನೋಟಗಳನ್ನು ಬರೆದಿಟ್ಟುಕೊಂಡರು. ರಾಜಕೀಯ, ಅರ್ಥವ್ಯವಸ್ಥೆ ಬಗ್ಗೆ ಸಲಹೆ ಕೊಟ್ಟೇ ಬದುಕುವವರು ಇವರು. 2005ರಲ್ಲಿ ಹೊರಬಂದ ಫಲಿತಾಂಶ ಹಲವರಿಗೆ ಹಿಡಿಸಲಿಲ್ಲ. ಸುಮ್ನೆ ಅಂದಾಜಿಗೆ ಹೇಳಿದ್ದಕ್ಕಿಂತ ತಜ್ಞರ ಮಾತು ಸರಾಸರಿಯಲ್ಲಿ ಹೆಚ್ಚೇನೂ ಉತ್ತಮವಾಗಿರಲಿಲ್ಲ. ಟಿವಿ, ಪತ್ರಿಕೆಗಳು ಯಾರನ್ನು ಹೆಚ್ಚು ಕರೆಯುತ್ತಿದ್ದವೋ ಅವರ ಲೆಕ್ಕ ಉಳಿದವರದ್ದಕ್ಕಿಂತ ಕೆಟ್ಟದಾಗಿತ್ತು.

ಕಾರಣ ಕಷ್ಟದ್ದೇನಲ್ಲ. "ರೇಟು ಏರಬಹುದು, ಆದರೆ ಮಳೆ ಹೆಚ್ಚಾದರೆ, ಕೋಳಿ ಫಾರಂಗಳ ಬೇಡಿಕೆ ಕುಗ್ಗಿದರೆ ಇಳಿಯಬಹುದು" ಎನ್ನುವವನ ವಿಡಿಯೊ ಯಾರೂ ಪೂರ್ತಿ ನೋಡುವುದಿಲ್ಲ. "3,000 ಗ್ಯಾರಂಟಿ" ಎನ್ನುವವನದ್ದನ್ನು ನೋಡುತ್ತಾರೆ, ನಾಲ್ಕು ಜನಕ್ಕೆ ಕಳಿಸುತ್ತಾರೆ. ಖಚಿತವಾಗಿ ಹೇಳುವವನಿಗೆ ಕೇಳುಗರು ಸಿಗುತ್ತಾರೆ. ಹಿಂದುಮುಂದು ನೋಡಿ ಹೇಳುವವನ ಮಾತು ನಿಜವಾಗುವುದು ಜಾಸ್ತಿ. ಒಬ್ಬನಲ್ಲೇ ಎರಡೂ ಇರುವುದು ಅಪರೂಪ.

ಈ ವಿಷಯದಲ್ಲಿ 2024ರ ಜೂನ್ ತಿಂಗಳ ನಾಲ್ಕು ದಿನಗಳನ್ನು ಮರೆಯಬಾರದು. ಜೂನ್ 1ರ ಸಂಜೆ ಬಂದ ಬಹುತೇಕ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ಕ್ಕೂ ಹೆಚ್ಚು ಸ್ಥಾನ ಕೊಟ್ಟವು. ದೇಶವೇ ಟಿವಿ ಮುಂದೆ ಕೂತಿತ್ತು. ಸೋಮವಾರ, ಜೂನ್ 3ರಂದು, ಸೆನ್ಸೆಕ್ಸ್ ಸುಮಾರು 2,500 ಅಂಕ ಏರಿತು. ಮರುದಿನ ಎಣಿಕೆಯಲ್ಲಿ ಎನ್‌ಡಿಎಗೆ ಬಂದಿದ್ದು 293, ಬಿಜೆಪಿಗೆ 240. ಸೆನ್ಸೆಕ್ಸ್ ಸುಮಾರು 4,390 ಅಂಕ ಬಿತ್ತು. ಆ ಮುನ್ನೋಟಕ್ಕೆ ಕೇಳುಗರೂ ಇದ್ದರು, ಕೋಟ್ಯಂತರ ರೂಪಾಯಿ ಅತ್ತಿತ್ತ ಮಾಡುವ ಶಕ್ತಿಯೂ ಇತ್ತು. ಅದು ಸರಿ ಮಾತ್ರ ಇರಲಿಲ್ಲ. ಶೇರುಪೇಟೆಯೂ ಹಣ ಕಟ್ಟಿದವರ ಮಾರುಕಟ್ಟೆಯೇ ಎಂಬುದು ಇಲ್ಲಿ ಮುಖ್ಯ. ಎಲ್ಲರೂ ಒಂದೇ ಸಮೀಕ್ಷೆ ನೋಡಿ ಹಣ ಹಾಕಿದ್ದರಿಂದ ಎಲ್ಲರೂ ಒಟ್ಟಿಗೇ ತಪ್ಪಿದರು.

ನಮ್ಮ ಪಾಲಿನ ಪಾಠ ಇನ್ನೂ ಹತ್ತಿರದ್ದು. ಅದೇ ಚುನಾವಣೆಯಲ್ಲಿ ದಾವಣಗೆರೆಯಲ್ಲಿ ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ್ ಗೆದ್ದರು, ಪಕ್ಕದ ಚಿತ್ರದುರ್ಗದಲ್ಲಿ ಬಿಜೆಪಿಯ ಗೋವಿಂದ ಕಾರಜೋಳ ಗೆದ್ದರು. ದೇಶದ ಗಾಳಿ ಹೇಳುವವರು ಇಲ್ಲಿನ ಎರಡು ಕ್ಷೇತ್ರಗಳ ಬಗ್ಗೆ ಏನೂ ಹೇಳಿದಂತಾಗಲಿಲ್ಲ. ಮಳೆಯ ಕಥೆಯೂ ಹೀಗೇ. 2023ರಲ್ಲಿ ಹವಾಮಾನ ಇಲಾಖೆ ಮುಂಗಾರು ವಾಡಿಕೆಯ ಶೇ 96 ಎಂದಿತ್ತು. ದೇಶಕ್ಕೆ ಬಂದಿದ್ದು ಶೇ 94. ಮುನ್ಸೂಚನೆ ಹೆಚ್ಚುಕಡಿಮೆ ಸರಿ. ಆದರೆ ಕರ್ನಾಟಕದಲ್ಲಿ 220ಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಚಳ್ಳಕೆರೆಯಲ್ಲಿ ಶೇಂಗಾ ಬಿತ್ತಿದವನಿಗೆ ದೇಶದ ಸರಾಸರಿಯಿಂದ ಆಗುವುದೇನು?

ಕಡಿಮೆ ಜನ ಕೇಳುವ ಮಾತು, ಜಾಸ್ತಿ ನಡೆಯುವ ಮಾತು

ಪ್ರಭಾವ ಎಂಬುದು ಕೇಳುಗರ ಸಂಖ್ಯೆಯಲ್ಲಿ ಇರುವುದಿಲ್ಲ, ಕೇಳಿದವರು ಏನು ಮಾಡಬಲ್ಲರು ಎಂಬುದರಲ್ಲಿ ಇರುತ್ತದೆ. ದಾವಣಗೆರೆ ಎಪಿಎಂಸಿಯಲ್ಲಿ ಇದು ದಿನಾ ಕಾಣಿಸುತ್ತದೆ.

ನಮ್ಮ ಮೆಕ್ಕೆಜೋಳದ ದೊಡ್ಡ ಪಾಲು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗಳಿಗೆ, ಈಚೆಗೆ ಎಥೆನಾಲ್‌ಗೆ ಹೋಗುತ್ತದೆ. ತಮಿಳುನಾಡಿನ ನಾಮಕ್ಕಲ್ ಕಡೆಯ ಕೋಳಿ ಫಾರಂಗಳು ಹಳೆಯ ಗಿರಾಕಿಗಳು. ಬೆಳಗ್ಗೆ ಅಲ್ಲಿಂದ ಒಬ್ಬ ಖರೀದಿದಾರನಿಗೆ ಬರುವ ಫೋನನ್ನು ಕೇಳುವುದು ಅವನೊಬ್ಬನೇ. ಆದರೆ "ಈ ವಾರ ಲೋಡ್ ಬೇಡ" ಎಂಬ ಆ ಒಂದು ಮಾತು ಮಧ್ಯಾಹ್ನದ ಟೆಂಡರಿನಲ್ಲಿ ಕಾಣಿಸುತ್ತದೆ. ಲಕ್ಷ ಜನ ನೋಡಿದ ರೇಟಿನ ವಿಡಿಯೊ ಅಂದು ಕಣಕ್ಕೆ ಬಂದ ಜೋಳದ ಬೆಲೆಯನ್ನು ಹತ್ತು ರೂಪಾಯಿಯೂ ಅಲುಗಿಸದೇ ಇರಬಹುದು.

ಭೀಮಸಮುದ್ರ, ಚನ್ನಗಿರಿಯ ಅಡಿಕೆ ಬೆಳೆಗಾರರಿಗೂ ಇದು ಹೊಸತಲ್ಲ. 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದ ಆದೇಶವನ್ನು ಓದಿದವರು ಎಷ್ಟು ಜನ? ರಾಶಿ ಅಡಿಕೆಯ ರೇಟು ಏರುತ್ತೋ ಇಳಿಯುತ್ತೋ ಎಂದು ವರ್ತಕರು ಲೆಕ್ಕ ಹಾಕುವಾಗ ಅಂಥ ಒಂದು ಪುಟದ ಆದೇಶಕ್ಕೆ ಎಲ್ಲ ಚರ್ಚೆಗಿಂತ ತೂಕ ಜಾಸ್ತಿ.

ಬಾಜಿ ಮಾರುಕಟ್ಟೆ ಎಂಬ ವಿಚಾರ ಬೆಳೆದು ಬಂದ ದಾರಿಯೂ ಇದನ್ನೇ ಹೇಳುತ್ತದೆ. 1988ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯ ಚುನಾವಣೆ ಫಲಿತಾಂಶದ ಮೇಲೆ ಒಂದು ಪುಟ್ಟ ಮಾರುಕಟ್ಟೆ ಶುರು ಮಾಡಿತು. ಒಬ್ಬರು 500 ಡಾಲರಿಗಿಂತ ಜಾಸ್ತಿ ಹಾಕುವಂತಿರಲಿಲ್ಲ. ಪಾಲ್ಗೊಂಡವರು ಕೆಲವೇ ಜನ. ಆದರೆ ಅರ್ಥಶಾಸ್ತ್ರ ಓದುವವರೆಲ್ಲ ಅದನ್ನು ಗಮನಿಸಿದರು. ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ರಾಬಿನ್ ಹ್ಯಾನ್ಸನ್ ಇನ್ನೂ ಮುಂದೆ ಹೋದರು. ಯಾವ ನೀತಿ ತಂದರೆ ಜನರ ಬದುಕು ಸುಧಾರಿಸುತ್ತದೆ ಎಂಬುದನ್ನೂ ಇಂಥ ಮಾರುಕಟ್ಟೆಯಿಂದಲೇ ತಿಳಿಯಬಹುದು ಎಂದು ವಾದಿಸಿದರು. ಅವರ ಮಾತನ್ನು ಕೇಳಿದವರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯೂ ಇತ್ತು. ಮಧ್ಯಪ್ರಾಚ್ಯದ ರಾಜಕೀಯ ಬೆಳವಣಿಗೆಗಳ ಮೇಲೆ ಅಂಥ ಒಂದು ಮಾರುಕಟ್ಟೆ ಮಾಡಲು ಅದು ಹಣ ಕೊಟ್ಟಿತು. 2003ರ ಜುಲೈ ಕೊನೆಯಲ್ಲಿ ಇಬ್ಬರು ಸೆನೆಟರುಗಳು "ಇದು ಭಯೋತ್ಪಾದನೆಯ ಮೇಲೆ ಬೆಟ್ಟಿಂಗ್" ಎಂದು ಪತ್ರಿಕಾಗೋಷ್ಠಿ ಮಾಡಿದರು. ಮರುದಿನವೇ ಯೋಜನೆ ರದ್ದಾಯಿತು. ಹತ್ತಾರು ಜನ ಕೇಳುತ್ತಿದ್ದಾಗ ಸರ್ಕಾರದ ಹಣ ಸಿಕ್ಕಿತ್ತು. ದೇಶವೆಲ್ಲ ಕೇಳಿದ ದಿನ ಅದು ನಿಂತಿತು.

ಇಪ್ಪತ್ತು ವರ್ಷದ ನಂತರ ಕೇಳುಗರು ಮತ್ತೆ ಬಂದರು. 2024ರ ಅಕ್ಟೋಬರಿನಲ್ಲಿ ಅಮೆರಿಕದ ಕೋರ್ಟು ಕಾಲ್ಶಿಗೆ ಚುನಾವಣೆಯ ಬಾಜಿ ನಡೆಸಲು ದಾರಿ ಬಿಟ್ಟಿತು. ಪಾಲಿಮಾರ್ಕೆಟ್ ಎಂಬ ಇನ್ನೊಂದು ಕಂಪನಿಯಲ್ಲಿ ಆ ಅಧ್ಯಕ್ಷೀಯ ಚುನಾವಣೆಯೊಂದರ ಮೇಲೇ 300 ಕೋಟಿ ಡಾಲರಿಗೂ ಹೆಚ್ಚು ವಹಿವಾಟು ನಡೆಯಿತು. ಸಮೀಕ್ಷೆಗಳು ಸಮಬಲ ಎನ್ನುತ್ತಿದ್ದಾಗ ಅಲ್ಲಿ ಟ್ರಂಪ್ ಮುಂದಿದ್ದರು, ಗೆದ್ದರು ಕೂಡ. ಮರುವರ್ಷ ನ್ಯೂಯಾರ್ಕ್ ಶೇರುಪೇಟೆಯ ಒಡೆತನದ ಕಂಪನಿ ಪಾಲಿಮಾರ್ಕೆಟ್‌ಗೆ 200 ಕೋಟಿ ಡಾಲರ್‌ವರೆಗೆ ಹಣ ಹಾಕುವುದಾಗಿ ಹೇಳಿತು.

ಹೇಳಿದ್ದರಿಂದಲೇ ಸುಳ್ಳಾಗುವ ಮಾತು

ಕೆಲವು ಮುನ್ನೋಟಗಳು ಕೇಳುಗರಿಂದಲೇ ಕೆಡುತ್ತವೆ. ನಮ್ಮ ಜಿಲ್ಲೆಗಳಿಗೆ ನೇರವಾಗಿ ತಾಗುವುದು ಈ ಸಂಗತಿಯೇ.

ನಾಳೆ ಮಳೆ ಬರುತ್ತದೆ ಎಂದು ಹೇಳಿದರೆ ಮೋಡಕ್ಕೆ ಅದು ಕೇಳಿಸುವುದಿಲ್ಲ. ಎಷ್ಟು ಜನ ಕೇಳಿದರೂ ಮಳೆ ಬದಲಾಗದು. ಈರುಳ್ಳಿ ಹಾಗಲ್ಲ. "ಮುಂದಿನ ಸಲ ಈರುಳ್ಳಿಗೆ ರೇಟು" ಎಂಬ ಮಾತು ಹಿರಿಯೂರು, ಚಳ್ಳಕೆರೆ ಕಡೆ ಹತ್ತು ಜನಕ್ಕೆ ಗೊತ್ತಿದ್ದರೆ ಆ ಹತ್ತು ಜನ ದುಡ್ಡು ಮಾಡಬಹುದು. ಹತ್ತು ಸಾವಿರ ಜನಕ್ಕೆ ಗೊತ್ತಾದರೆ ಎಲ್ಲರೂ ಬಿತ್ತುತ್ತಾರೆ, ಒಂದೇ ತಿಂಗಳಲ್ಲಿ ಎಲ್ಲರ ಲಾರಿಯೂ ಬೆಂಗಳೂರಿಗೆ ಹೊರಡುತ್ತದೆ, ರೇಟು ಕುಸಿಯುತ್ತದೆ. ಮಾತು ಮೊದಲು ಸರಿಯಾಗಿಯೇ ಇತ್ತು. ಎಲ್ಲರೂ ನಂಬಿದ್ದರಿಂದ ಸುಳ್ಳಾಯಿತು. ಮುಂದಿನ ವರ್ಷ ಭಯಪಟ್ಟು ಯಾರೂ ಬಿತ್ತುವುದಿಲ್ಲ, ಆಗ ರೇಟು ಏರುತ್ತದೆ. ಅರ್ಥಶಾಸ್ತ್ರದಲ್ಲಿ ಇದನ್ನು ಜೇಡರ ಬಲೆಗೆ ಹೋಲಿಸುತ್ತಾರೆ. ಚಿತ್ರದಲ್ಲಿ ಬರೆದರೆ ಗೆರೆಗಳು ಹಾಗೇ ಸುತ್ತುತ್ತವೆ.

2025ರ ಮೆಕ್ಕೆಜೋಳದಲ್ಲಿ ಈ ಸುತ್ತು ಎದ್ದು ಕಂಡಿತು. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಗುರಿ ಏರಿದಂತೆ ಮೆಕ್ಕೆಜೋಳದ ಎಥೆನಾಲ್‌ಗೆ ಲೀಟರಿಗೆ 71.86 ರೂಪಾಯಿ ನಿಗದಿಯಾಯಿತು. ಬೇಡಿಕೆ ಎಷ್ಟು ಹೆಚ್ಚಿತೆಂದರೆ, ಜೋಳವನ್ನು ಹೊರಗೆ ಕಳಿಸುತ್ತಿದ್ದ ಭಾರತವೇ ಮ್ಯಾನ್ಮಾರ್, ಉಕ್ರೇನ್‌ನಿಂದ ತರಿಸಿತು. "ಇನ್ನು ಜೋಳಕ್ಕೆ ಭವಿಷ್ಯ" ಎಂಬ ಮಾತು ಎಲ್ಲ ಕಡೆ ಹರಡಿತು. ಅದು ಆಧಾರವಿಲ್ಲದ ಮಾತೂ ಆಗಿರಲಿಲ್ಲ. ರಾಜ್ಯದಲ್ಲಿ 17 ಲಕ್ಷ ಹೆಕ್ಟೇರಿಗೂ ಹೆಚ್ಚು ಪ್ರದೇಶದಲ್ಲಿ ಮೆಕ್ಕೆಜೋಳದ ಬಿತ್ತನೆಯಾಯಿತು. ಇಳುವರಿ 50 ಲಕ್ಷ ಟನ್ ದಾಟುವ ಅಂದಾಜು ಬಂತು. ಆ ವರ್ಷದ ಮುಂಗಾರು ವಾಡಿಕೆಯ ಶೇ 108. ಇದೇ ಹೊತ್ತಿನಲ್ಲಿ ಕೇಂದ್ರ ತನ್ನ ಗೋದಾಮಿನ ಅಕ್ಕಿಯನ್ನು ಕ್ವಿಂಟಲ್‌ಗೆ 2,250 ರೂಪಾಯಿಗೆ ಎಥೆನಾಲ್ ಘಟಕಗಳಿಗೆ ಕೊಡುತ್ತಿತ್ತು. ಘಟಕಗಳಿಗೆ ಜೋಳವೇ ಬೇಕೆಂಬ ಹಟ ಇರಲಿಲ್ಲ. ಆವಕ ಏರಿತು, ಗಿರಾಕಿ ಹಿಂದೆ ಸರಿದ, ರೇಟು 1,800ರ ಕೆಳಗೆ ಬಂತು.

ಇಲ್ಲಿ ರೈತರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಬಿತ್ತುವ ಹೊತ್ತಿನಲ್ಲಿ ಅವರ ಕೈಯಲ್ಲಿದ್ದುದು ಹಿಂದಿನ ವರ್ಷದ ರೇಟು ಮತ್ತು ಆ ಮಾತು ಎರಡೇ. ಪಕ್ಕದ ತಾಲೂಕಿನಲ್ಲಿ ಎಷ್ಟು ಬಿತ್ತನೆಯಾಗುತ್ತಿದೆ, ಅಕ್ಕಿ ಎಷ್ಟು ಕೊಡುತ್ತಿದ್ದಾರೆ ಎಂದು ಅವರಿಗೆ ಹೇಳಿದವರಿಲ್ಲ.

ಸುಳ್ಳು ಮಾತೇ ಬೆಲೆಯನ್ನು ಬೀಳಿಸಿದ್ದೂ ಇದೆ. 2020ರ ಫೆಬ್ರುವರಿ, ಮಾರ್ಚಿನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ವದಂತಿ ಹಬ್ಬಿತು. ಜನ ಕೋಳಿ ಬಿಟ್ಟರು, ಫಾರಂಗಳು ಮರಿ ಹಾಕುವುದನ್ನು ನಿಲ್ಲಿಸಿದವು, ಮೆಕ್ಕೆಜೋಳದ ರೇಟು ನೆಲ ಕಚ್ಚಿತು. ಕೊನೆಗೆ ರಾಜ್ಯ ಸರ್ಕಾರ ಮೆಕ್ಕೆಜೋಳ ಬೆಳೆದ 10 ಲಕ್ಷ ರೈತರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ಕೋಳಿಯ ಬಗ್ಗೆ ಆಡಿದ ಸುಳ್ಳಿಗೆ ಜಗಳೂರಿನ ಹೊಲದಲ್ಲಿ ದಂಡ ಕಟ್ಟಬೇಕಾಯಿತು.

ಪರ ಮತ್ತು ವಿರೋಧ

ಬಾಜಿ ಮಾರುಕಟ್ಟೆ ಬೇಕು ಎನ್ನುವವರ ವಾದ ಹಗುರವಾದದ್ದಲ್ಲ. ಬಾಯಿಮಾತಿಗೆ ಖರ್ಚಿಲ್ಲ, ಯಾರು ಏನು ಬೇಕಾದರೂ ಹೇಳಬಹುದು. ಹಣ ಕಟ್ಟಬೇಕೆಂದರೆ ಗೊತ್ತಿಲ್ಲದವನು ಸುಮ್ಮನಿರುತ್ತಾನೆ, ಗೊತ್ತಿರುವವನು ಮುಂದೆ ಬರುತ್ತಾನೆ. ಚದುರಿಹೋದ ತಿಳಿವಳಿಕೆ ಒಂದು ಬೆಲೆಯಲ್ಲಿ ಕೂಡುತ್ತದೆ. 2024ರಲ್ಲಿ ಪಾಲಿಮಾರ್ಕೆಟ್‌ನಲ್ಲಿ ಕೋಟಿಗಟ್ಟಲೆ ಡಾಲರ್ ಕಟ್ಟಿ ಗೆದ್ದ ಫ್ರಾನ್ಸಿನ ಒಬ್ಬ ವ್ಯಾಪಾರಿ ತನ್ನ ಖರ್ಚಿನಲ್ಲೇ ಸಮೀಕ್ಷೆ ಮಾಡಿಸಿದ್ದ. "ನೀವು ಯಾರಿಗೆ ವೋಟು ಹಾಕುತ್ತೀರಿ" ಎಂದು ಕೇಳುವ ಬದಲು "ನಿಮ್ಮ ಅಕ್ಕಪಕ್ಕದವರು ಯಾರಿಗೆ ಹಾಕಬಹುದು" ಎಂದು ಕೇಳಿಸಿದ್ದ. ಹಣ ಪಣಕ್ಕಿದ್ದಾಗ ಜನ ಹೀಗೆ ಹೊಸ ಮಾಹಿತಿ ಹುಡುಕುತ್ತಾರೆ ಎಂಬುದು ಅವರ ವಾದದ ಬಲ.

ವಿರೋಧಿಸುವವರು ಬೇರೆ ಕಡೆ ಬೆರಳು ತೋರಿಸುತ್ತಾರೆ. 2016ರಲ್ಲಿ ಬ್ರೆಕ್ಸಿಟ್, ಅಂದರೆ ಯುರೋಪ್ ಒಕ್ಕೂಟದಿಂದ ಬ್ರಿಟನ್ ಹೊರಬರುವುದು, ಆಗುವುದಿಲ್ಲ, ಟ್ರಂಪ್ ಗೆಲ್ಲುವುದಿಲ್ಲ ಎಂದು ಇದೇ ಮಾರುಕಟ್ಟೆಗಳು ಹೇಳಿದ್ದವು. 2012ರಲ್ಲಿ ಇಂಟ್ರೇಡ್ ಎಂಬ ಮಾರುಕಟ್ಟೆಯಲ್ಲಿ ಒಬ್ಬನೇ ವ್ಯಾಪಾರಿ ಆ ವರ್ಷ ಅಧ್ಯಕ್ಷೀಯ ಚುನಾವಣೆಗೆ ನಿಂತು ಸೋತ ರಾಮ್ನಿ ಪರ ಲಕ್ಷಾಂತರ ಡಾಲರ್ ಸುರಿದು ಅಂಕಿಯನ್ನು ಎತ್ತಿ ಹಿಡಿದಿದ್ದ. ಒಳಗಿನ ಸುದ್ದಿ ಗೊತ್ತಿರುವವನು ಗೊತ್ತಿಲ್ಲದವರ ಹಣ ತೆಗೆದುಕೊಂಡು ಹೋಗುವ ಅಪಾಯವೂ ಇದೆ. ಇವತ್ತು ಕಾಲ್ಶಿಯ ವಹಿವಾಟಿನಲ್ಲಿ ಹೆಚ್ಚಿನದು ಕ್ರೀಡೆಯದ್ದು. ಅಮೆರಿಕದ ಹಲವು ರಾಜ್ಯಗಳು ಅದನ್ನು ಬೆಟ್ಟಿಂಗ್ ಎಂದೇ ಕರೆದು ಕೋರ್ಟಿಗೆ ಹೋಗಿವೆ.

ಎರಡೂ ಕಡೆ ಕೇಳಿದ ಮೇಲೆ ಅನಿಸುವುದು ಇಷ್ಟು. ಗೊತ್ತಿರುವವರು ಹಣ ಹಾಕುವ, ಪ್ರಶ್ನೆಗೆ ಮಹತ್ವ ಇರುವ ಮಾರುಕಟ್ಟೆಯಿಂದ ಒಳ್ಳೆಯ ಅಂಕಿ ಬರುತ್ತದೆ. ನಮ್ಮಲ್ಲಿ ಮುಚ್ಚಿದ ಆ್ಯಪ್‌ಗಳು ಅಂಥವಲ್ಲ. ಮುಂದಿನ ಓವರಿನಲ್ಲಿ ಎಷ್ಟು ರನ್ ಎಂಬ ಪ್ರಶ್ನೆಗೆ ಸಾವಿರ ಹುಡುಗರು ಹಣ ಕಟ್ಟಿದರೆ ಸಮಾಜಕ್ಕೆ ಯಾವ ತಿಳಿವಳಿಕೆಯೂ ಸಿಗುವುದಿಲ್ಲ. ಆ ಹುಡುಗರ ಮನೆಗಳಲ್ಲಿ ಸಾಲ ಉಳಿಯುತ್ತದೆ. ಚುನಾವಣೆಗೆ ಕುರಿ, ಬೈಕು ಬೆಟ್ ಕಟ್ಟಿದ ಸುದ್ದಿ ನಮ್ಮ ಕಡೆ ಹೊಸದಲ್ಲ, ಆದರೆ ಕಟ್ಟೆ ಮೇಲಿನ ಬೆಟ್ಟಿಗೆ ಊರಿನ ಕಣ್ಣು ಇರುತ್ತದೆ. ರಾತ್ರಿ ಹೊದಿಕೆಯೊಳಗೆ ಮೊಬೈಲಿನಲ್ಲಿ ಕಟ್ಟುವುದಕ್ಕೆ ಯಾರ ಕಣ್ಣೂ ಇಲ್ಲ. ಅವುಗಳನ್ನು ಮುಚ್ಚಿದ್ದು ಸರಿ. ಮುಚ್ಚುವುದರ ಜೊತೆಗೆ ಒಂದು ಒಳ್ಳೆಯ ಅಭ್ಯಾಸವೂ ಕಳೆದುಹೋಗಬಾರದು ಎಂಬುದಷ್ಟೇ ಚಿಂತೆ. ಹೇಳಿದ ಮಾತನ್ನು ಅಂಕಿಯಲ್ಲಿ ಹೇಳುವುದು, ಕೊನೆಗೆ ಲೆಕ್ಕ ಒಪ್ಪಿಸುವುದು, ಇದೇ ಆ ಅಭ್ಯಾಸ.

ಕಾರ್ಣಿಕ ಬೇರೆ, ರೇಟಿನ ಮಾತು ಬೇರೆ

ಮೈಲಾರದ ಕಾರ್ಣಿಕಕ್ಕೆ ಈ ಭಾಗದ ಲಕ್ಷಾಂತರ ಜನ ಕಿವಿಗೊಡುತ್ತಾರೆ. ಗೊರವಯ್ಯ ಬಿಲ್ಲನ್ನೇರಿ "ಪರಾಕ್" ಎಂದ ಮೇಲೆ ಆ ಒಂದು ಸಾಲನ್ನು ಮಳೆಗೆ, ಬೆಳೆಗೆ, ರಾಜಕೀಯಕ್ಕೆ ಹೊಂದಿಸಿ ತಿಂಗಳುಗಟ್ಟಲೆ ಮಾತಾಡುತ್ತಾರೆ. ಆ ನುಡಿಯಲ್ಲಿ ತಾರೀಕಿಲ್ಲ, ಅಂಕಿಯಿಲ್ಲ, ಇರಬೇಕಾಗಿಯೂ ಇಲ್ಲ. ಅದು ನಂಬಿಕೆ, ಅದನ್ನು ಅಳೆಯುವ ಕೆಲಸ ಯಾರದ್ದೂ ಅಲ್ಲ.

ರೇಟು ಹೇಳುವವರು ದೈವದ ಹೆಸರಿನಲ್ಲಿ ಹೇಳುತ್ತಿಲ್ಲ, ಲೆಕ್ಕದ ಹೆಸರಿನಲ್ಲಿ ಹೇಳುತ್ತಿದ್ದಾರೆ. ಆದರೂ ಎಷ್ಟೋ ಮಾತುಗಳು ಒಗಟಿನಂತೆಯೇ ಇರುತ್ತವೆ. "ಮುಂದೆ ಚೇತರಿಕೆ ಇದೆ" ಎಂದರೆ ಯಾವ ತಿಂಗಳು? ಎಷ್ಟು ರೂಪಾಯಿ? ಯಾವ ಮಾರುಕಟ್ಟೆ? ಇದ್ಯಾವುದೂ ಇಲ್ಲದ ಮಾತು ಯಾವತ್ತೂ ಸುಳ್ಳಾಗುವುದಿಲ್ಲ. ಅದಕ್ಕೇ ಅದನ್ನು ನಂಬಿ ಬಿತ್ತಲೂ ಬರುವುದಿಲ್ಲ.

ಲೆಕ್ಕ ಇಡುವುದು ಕಷ್ಟವೇನಲ್ಲ. ಹವಾಮಾನ ಮುನ್ಸೂಚನೆಯನ್ನು ಅಳೆಯಲು ಅಮೆರಿಕದ ಗ್ಲೆನ್ ಬ್ರೈಯರ್ 1950ರಲ್ಲೇ ಒಂದು ದಾರಿ ಹೇಳಿದರು. "ನವೆಂಬರ್ 30ಕ್ಕೆ ದಾವಣಗೆರೆಯಲ್ಲಿ ಮೆಕ್ಕೆಜೋಳ 2,000 ದಾಟಿರುವ ಸಾಧ್ಯತೆ ಶೇ 80" ಎಂದು ಒಬ್ಬರು ಹೇಳಿದರು ಎಂದುಕೊಳ್ಳಿ. ದಾಟಿದರೆ ಅವರ ತಪ್ಪು 0.2, ಅದರ ವರ್ಗ 0.04. ದಾಟದಿದ್ದರೆ ತಪ್ಪು 0.8, ಅದರ ವರ್ಗ 0.64. ಏನೂ ಗೊತ್ತಿಲ್ಲದೆ ಯಾವಾಗಲೂ "ಐವತ್ತು ಐವತ್ತು" ಎನ್ನುವವನಿಗೆ ಪ್ರತಿ ಸಲ 0.25. ಇಪ್ಪತ್ತು ಮೂವತ್ತು ಮಾತುಗಳ ಸರಾಸರಿ ತೆಗೆದಾಗ ಯಾರದ್ದು 0.25ಕ್ಕಿಂತ ಜಾಸ್ತಿ ಇದೆಯೋ ಅವರ ಮಾತು ಕೇಳುವುದಕ್ಕಿಂತ "ಐವತ್ತು ಐವತ್ತು" ಎಂದುಕೊಳ್ಳುವುದೇ ವಾಸಿ. ಇದಕ್ಕೆ ಯಾರೂ ಒಂದು ರೂಪಾಯಿ ಕಟ್ಟಬೇಕಾಗಿಲ್ಲ.

ಮುಂದಿನ ಬಿತ್ತನೆಗೆ

ಸುಪ್ರೀಂ ಕೋರ್ಟ್ ಏನೇ ಹೇಳಿದರೂ ಜನ ಭವಿಷ್ಯ ಕೇಳುವುದನ್ನು ಬಿಡುವುದಿಲ್ಲ. ಆ್ಯಪ್ ಮುಚ್ಚಿದ ಮೇಲೆ ಆ ಹಣದಲ್ಲಿ ಒಂದಷ್ಟು ವಿದೇಶಿ ಸೈಟುಗಳ ಕಡೆ, ಒಂದಷ್ಟು ಕದ್ದು ನಡೆಯುವ ಬೆಟ್ಟಿಂಗ್ ಕಡೆ ಹೋಗುವ ಅಪಾಯ ಇದೆ. ಅಮೆರಿಕದ ಬಾಜಿ ಅಂಕಿಗಳು ಸುದ್ದಿಯ ರೂಪದಲ್ಲಿ ನಮ್ಮ ಮೊಬೈಲಿಗೂ ಬರುತ್ತಲೇ ಇರುತ್ತವೆ. ಗೂಗಲ್ ತನ್ನ ಹಣಕಾಸು ಪುಟದಲ್ಲಿ ಅವನ್ನು ತೋರಿಸುವುದಾಗಿ 2025ರ ನವೆಂಬರಿನಲ್ಲೇ ಹೇಳಿದೆ. ಅಲ್ಲಿ ಚಿನ್ನ, ಬಡ್ಡಿ ದರ, ಚುನಾವಣೆ ಎಲ್ಲ ಸಿಗುತ್ತವೆ. ದಾವಣಗೆರೆಯ ಜೋಳ, ಭೀಮಸಮುದ್ರದ ಅಡಿಕೆ, ಚಳ್ಳಕೆರೆಯ ಶೇಂಗಾ ಸಿಗುವುದಿಲ್ಲ. ಇವುಗಳ ಲೆಕ್ಕವನ್ನು ನಾವೇ ಇಡಬೇಕು.

ಅದಕ್ಕೆ ಬೇಕಾದ ಅರ್ಧ ಸಾಮಾನು ಈಗಲೇ ಇದೆ. ಪ್ರತಿ ದಿನದ ಕನಿಷ್ಠ, ಗರಿಷ್ಠ, ಮಾದರಿ ದರ ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಸಿಗುತ್ತದೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯ ಬಿತ್ತನೆಗೆ ಮುಂಚೆಯೇ ಬೆಲೆ ಮುನ್ಸೂಚನೆ ಕೊಡುತ್ತದೆ. ನಮ್ಮಲ್ಲೂ ಕೃಷಿ ವಿಶ್ವವಿದ್ಯಾಲಯಗಳಿವೆ, ಕೃಷಿ ಬೆಲೆ ಆಯೋಗವಿದೆ. ಬೀಜ, ಗೊಬ್ಬರದ ಅಂಗಡಿ ಮುಂದೆ ಸಾಲು ನಿಲ್ಲುವ ಮೇ ತಿಂಗಳಲ್ಲಿ ಅವರು ಒಂದು ಅಂಕಿ ಹೇಳಲಿ, ಸಾಧ್ಯತೆ ಶೇಕಡಾ ಎಷ್ಟು ಎಂಬುದನ್ನೂ ಹೇಳಲಿ. ಜೊತೆಗೆ ಜೂನ್, ಜುಲೈನಲ್ಲಿ ಯಾವ ತಾಲೂಕಿನಲ್ಲಿ ಎಷ್ಟು ಹೆಕ್ಟೇರ್ ಬಿತ್ತನೆಯಾಯಿತು ಎಂಬ ಲೆಕ್ಕ ವಾರವಾರ ರೈತರ ಕೈಗೆ ಬರಲಿ. ಎಲ್ಲರೂ ಜೋಳವನ್ನೇ ಬಿತ್ತುತ್ತಿದ್ದಾರೆ ಎಂದು ಸಮಯಕ್ಕೆ ಗೊತ್ತಾದರೆ, ತಡವಾಗಿ ಬಿತ್ತುವವರಾದರೂ ಎರಡು ಎಕರೆಗೆ ತೊಗರಿಯನ್ನೋ ರಾಗಿಯನ್ನೋ ಹಾಕಬಹುದು.

ಎಪಿಎಂಸಿ ಅಂಗಳದಲ್ಲಿ ದಿನದ ರೇಟಿನ ಫಲಕ ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಫಲಕ ಹಾಕಬಹುದು. ಅದರಲ್ಲಿ ಮೇ ತಿಂಗಳಲ್ಲಿ ಯಾವ ಸಂಸ್ಥೆ ಏನು ಹೇಳಿತು, ಯಾವ ವರ್ತಕರ ಸಂಘ ಏನು ಹೇಳಿತು ಎಂದು ತಾರೀಕಿನ ಸಮೇತ ಬರೆಯಬೇಕು. ನವೆಂಬರಿನಲ್ಲಿ, ಜೋಳ ತುಂಬಿದ ಟ್ರ್ಯಾಕ್ಟರುಗಳು ಗೇಟಿನೊಳಗೆ ಬರುವಾಗ, ಅದರ ಎದುರಿಗೆ ಆ ದಿನದ ರೇಟು ಬರೆಯಬೇಕು. ಮುಂದಿನ ಮೇ ತಿಂಗಳವರೆಗೆ ಅದನ್ನು ಅಳಿಸಬಾರದು.